ಚಿನ್ನ ಟೆಸ್ಸಾಗೆ, ದಾಖಲೆ ಫಾತಿಮಾಗೆ

ಟೆಸ್ಸಾ ಸ್ಯಾಂಡರ್ಸನ್ ಮತ್ತು ಫಾತಿಮಾ ವಿಟ್‌ಬ್ರೆಡ್ ಜಾವೆಲಿನ್ ಹಿಡಿದು 45 ಸಲ ಎದುರಾದರು. 27 ಸಲ ಟೆಸ್ಸಾ ಮುಂದಿದ್ದರು, 18 ಸಲ ಫಾತಿಮಾ. ಇಬ್ಬರೂ ಬ್ರಿಟನ್ ತಂಡದ ಅಂಗಿ ತೊಟ್ಟವರೇ. ಆದರೆ ಎಣ್ಣೆ-ಸೀಗೆಕಾಯಿ ಸಂಬಂಧ. ಒಬ್ಬರ ಹೆಸರು ಎತ್ತಿದರೆ ಇನ್ನೊಬ್ಬರ ಮುಖ ಬಿಗಿಯುತ್ತಿತ್ತು ಎಂಬುದು 1980ರ ದಶಕದ ಇಂಗ್ಲೆಂಡಿನಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಲೆಕ್ಕದ ಪ್ರಕಾರ ಗೆದ್ದವರು ಟೆಸ್ಸಾ. ಒಲಿಂಪಿಕ್ಸ್ ಚಿನ್ನ ಅವರದು. ಎಸೆತದ ಯಾವುದೇ ಸ್ಪರ್ಧೆಯಲ್ಲಿ, ಗಂಡಸರೂ ಸೇರಿದಂತೆ, ಬ್ರಿಟನ್ನಿಗೆ ಒಲಿಂಪಿಕ್ಸ್ ಚಿನ್ನ ತಂದವರು ಇವತ್ತಿಗೂ ಅವರೊಬ್ಬರೇ. ಆದರೆ ವಿಶ್ವ ದಾಖಲೆ ಫಾತಿಮಾ ಅವರದು, ವಿಶ್ವ ಚಾಂಪಿಯನ್ ಪಟ್ಟವೂ ಅವರದೇ, ಟಿ.ವಿ. ನೋಡುವ ಜನ ವರ್ಷದ ಕ್ರೀಡಾಪಟು ಎಂದು ಆರಿಸಿದ್ದೂ ಅವರನ್ನೇ. ಒಬ್ಬರ ಕೈಗೆ ಸಿಕ್ಕಿದ್ದು ಇನ್ನೊಬ್ಬರ ಕೈಗೆ ಕೊನೆಯವರೆಗೂ ಸಿಗಲಿಲ್ಲ. ಈ ಇಬ್ಬರಲ್ಲಿ ಒಬ್ಬರ ಕಥೆಯನ್ನಷ್ಟೇ ಹೇಳಲು ಹೊರಟವರು ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಇನ್ನೊಬ್ಬರನ್ನೂ ಕರೆತರಲೇಬೇಕಾಗುತ್ತದೆ.

ಟೆಸ್ಸಾ ಹುಟ್ಟಿದ್ದು 1956ರ ಮಾರ್ಚ್ 14ರಂದು, ಜಮೈಕಾದ ಸೇಂಟ್ ಎಲಿಜಬೆತ್ ಪ್ರಾಂತ್ಯದಲ್ಲಿ. ಎರಡನೇ ಮಹಾಯುದ್ಧದ ನಂತರ ಇಂಗ್ಲೆಂಡಿನ ಕಾರ್ಖಾನೆ, ಆಸ್ಪತ್ರೆ, ಬಸ್ಸುಗಳಿಗೆ ಆಳು ಬೇಕಾಗಿದ್ದ ಕಾಲ ಅದು. ಕೆರಿಬಿಯನ್ ದ್ವೀಪಗಳಿಂದ ಹಡಗುಗಟ್ಟಲೆ ಜನ ಹೊರಟರು. ಟೆಸ್ಸಾ ಅವರ ಅಪ್ಪ-ಅಮ್ಮನೂ ಹೊರಟರು. ಮಗು ಅಜ್ಜಿಯ ಹತ್ತಿರ ಉಳಿಯಿತು. ಕೆಲಸ, ಮನೆ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಮಕ್ಕಳನ್ನು ಕರೆಸಿಕೊಳ್ಳುವುದು ಆಗಿನ ವಲಸೆ ಕುಟುಂಬಗಳ ರೂಢಿ. ಹಾಗೆ ಆರರ ಆಸುಪಾಸಿನಲ್ಲಿ ಆ ಹುಡುಗಿ ಬಂದಿಳಿದದ್ದು ಇಂಗ್ಲೆಂಡಿನ ನಡುಭಾಗದ ಕೈಗಾರಿಕಾ ಊರು ವುಲ್ವರ್‌ಹ್ಯಾಂಪ್ಟನ್‌ಗೆ.

ಊರು ಸಾಮಾನ್ಯದ್ದಲ್ಲ. ಅಲ್ಲಿನ ನೈಋತ್ಯ ಕ್ಷೇತ್ರದ ಸಂಸದ ಈನಕ್ ಪವೆಲ್ 1968ರ ಏಪ್ರಿಲ್ 20ರಂದು ಪಕ್ಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ಮಾಡಿದ ಭಾಷಣ ಇಡೀ ದೇಶದಲ್ಲಿ ಬೆಂಕಿ ಹಚ್ಚಿತು. ಪಕ್ಷ ಅವರನ್ನು ಮುಂಚೂಣಿಯಿಂದ ಕಿತ್ತುಹಾಕಿತು, ಬೀದಿಯಲ್ಲಿ ಮಾತ್ರ ಬೆಂಬಲಿಗರು ಕಡಿಮೆಯಾಗಲಿಲ್ಲ. ಅದೇ ವರ್ಷಗಳಲ್ಲಿ ಅದೇ ಊರಿನ ಸಿಖ್ ಬಸ್ ನೌಕರರು ಪೇಟ ಕಟ್ಟಿಕೊಂಡು ಕೆಲಸ ಮಾಡುವ ಹಕ್ಕಿಗಾಗಿ ಹೋರಾಡುತ್ತಿದ್ದರು. 1969ರಲ್ಲಿ ಸಾರಿಗೆ ಸಮಿತಿ ಮಣಿಯಿತು. ಟೆಸ್ಸಾಗೆ ಆಗ ಹನ್ನೆರಡು-ಹದಿಮೂರು. ಶಾಲೆಯಲ್ಲಿ ಮೈಬಣ್ಣ ಹಿಡಿದು ಹಂಗಿಸುವವರು ಇದ್ದರು, ಅದನ್ನು ಅವರು ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ. ಅದೇ ಶಾಲೆಯಲ್ಲಿ ಅವರ ತೋಳಿನ ಬಲ ಕಂಡು ಬೆನ್ನುಬಿದ್ದು ಅಭ್ಯಾಸಕ್ಕೆ ಎಳೆದುಕೊಂಡು ಹೋದ ದೈಹಿಕ ಶಿಕ್ಷಣದ ಟೀಚರ್ ಕೂಡ ಇದ್ದರು. ಅಲ್ಲಿಂದ ವುಲ್ವರ್‌ಹ್ಯಾಂಪ್ಟನ್ ಅಂಡ್ ಬಿಲ್‌ಸ್ಟನ್ ಅಥ್ಲೆಟಿಕ್ ಕ್ಲಬ್. ಮುಂದೆ ಕೋಚ್ ಆಗಿ ಸಿಕ್ಕವರು ವಿಲ್ಫ್ ಪೇಷ್.

ಜಾವೆಲಿನ್ ಎಸೆಯುವುದು ತೋಳಿನ ಕೆಲಸ ಎಂದುಕೊಳ್ಳುವವರೇ ಹೆಚ್ಚು. 2025ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಹೆಸರಿನ ಕೂಟ ನಡೆದಾಗ ಅಂಚಿನಲ್ಲಿ ಕುಳಿತು ನೋಡಿದವರು ಬೇರೆಯದನ್ನೇ ಗಮನಿಸಿರಬೇಕು. ಎಸೆತ ಶುರುವಾಗುವುದು ಕಾಲಿನಿಂದ. ಹೆಂಗಸರ ಜಾವೆಲಿನ್ 600 ಗ್ರಾಂ ತೂಕ, ಎರಡೂಕಾಲು ಮೀಟರಿನಷ್ಟು ಉದ್ದ. ನಡುವಿನ ದಾರದ ಹಿಡಿಯನ್ನು ಬೆರಳುಗಳಿಂದ ಹಿಡಿದು, ಭುಜದ ಮೇಲೆ ಎತ್ತಿಕೊಂಡು ಓಡಿಬರಬೇಕು. ಕೊನೆಯ ಕೆಲವು ಹೆಜ್ಜೆಗಳಲ್ಲಿ ಜಾವೆಲಿನ್ ಹಿಂದಕ್ಕೆ ಹೋಗುತ್ತದೆ, ದೇಹ ಪಕ್ಕಕ್ಕೆ ತಿರುಗುತ್ತದೆ, ಕಾಲುಗಳು ಒಂದನ್ನೊಂದು ದಾಟುತ್ತವೆ. ಬಲಗೈ ಎಸೆತಗಾರ್ತಿಯಾದರೆ ಎಡಗಾಲು ನೇರವಾಗಿ ನೆಲಕ್ಕೆ ನಾಟುತ್ತದೆ. ಓಟದ ವೇಗವೆಲ್ಲ ಆ ಒಂದು ಕಾಲಿನಲ್ಲಿ ನಿಂತು, ಸೊಂಟಕ್ಕೆ, ಎದೆಗೆ, ಭುಜಕ್ಕೆ, ಮೊಣಕೈಗೆ ಏರುತ್ತಾ ಕೊನೆಗೆ ಬೆರಳ ತುದಿಗೆ ಬರುತ್ತದೆ. ಆಗ ಜಾವೆಲಿನ್ ಕೈಬಿಡುವ ವೇಗ ಗಂಟೆಗೆ ಸುಮಾರು 90 ಕಿಲೋಮೀಟರ್. ನಾಟಿದ ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ. ಆದ್ದರಿಂದಲೇ ಹಿಮ್ಮಡಿಯ ನರ, ಮೊಣಕೈ, ಭುಜ ಈ ಮೂರರಲ್ಲಿ ಒಂದಾದರೂ ಕೈಕೊಡದ ಜಾವೆಲಿನ್ ಪಟು ಸಿಗುವುದು ಕಷ್ಟ. ಮುಂದೆ ಬರುವ ಕಥೆಯಲ್ಲಿ ಮೂರೂ ಕೈಕೊಡುತ್ತವೆ.

ಎಸೆದ ಮೇಲೂ ಕೆಲಸ ಮುಗಿಯುವುದಿಲ್ಲ. ಮುಂದಿನ ಬಿಳಿ ಗೆರೆಯನ್ನು ಮುಟ್ಟದಂತೆ ದೇಹವನ್ನು ತಡೆದು ನಿಲ್ಲಿಸಬೇಕು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಸೂ ಪ್ಲಾಟ್ ಬೆಳ್ಳಿ ಪದಕದಷ್ಟು ದೂರ ಎಸೆದರು. ಎಸೆದ ಖುಷಿ ತಡೆಯಲಾರದೆ ಗೆರೆ ದಾಟಿ ಮುಂದೆ ಹೆಜ್ಜೆ ಇಟ್ಟರು. ಕೆಂಪು ಬಾವುಟ. ಅವರಿಗೆ ಸಿಕ್ಕಿದ್ದು ಏಳನೇ ಸ್ಥಾನ. ಬ್ರಿಟನ್ನಿನ ಹೆಂಗಸರು ಜಾವೆಲಿನ್‌ನಲ್ಲಿ ಒಲಿಂಪಿಕ್ಸ್ ಪದಕ ಕಾಣಲು ಅಲ್ಲಿಂದ ಇನ್ನೂ 24 ವರ್ಷ ಕಾಯಬೇಕಾಯಿತು.

ಟೆಸ್ಸಾ ದೊಡ್ಡ ಕೂಟಗಳಿಗೆ ಬಂದದ್ದು ಹದಿನೇಳರಲ್ಲಿ, 1974ರ ಕ್ರೈಸ್ಟ್‌ಚರ್ಚ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ. ಐದನೇ ಸ್ಥಾನ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹತ್ತನೇ ಸ್ಥಾನ. ಆ ವರ್ಷದಿಂದ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಅವರ ಹೆಸರಿನಲ್ಲಿ ಮತ್ತೆ ಮತ್ತೆ ಮುಂದಕ್ಕೆ ಸರಿಯಿತು. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಚಿನ್ನ ಬಂತು. ಅದೇ ವರ್ಷ ಪ್ರಾಗ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಪೂರ್ವ ಜರ್ಮನಿಯ ರುತ್ ಫುಕ್ಸ್ ಹಿಂದೆ ಬೆಳ್ಳಿಯೂ ಬಂತು. ಫುಕ್ಸ್ ಎಂದರೆ ಎರಡು ಒಲಿಂಪಿಕ್ಸ್ ಚಿನ್ನದ ಒಡತಿ. ಅವರ ನಂತರದ ಸ್ಥಾನ ಎಂದರೆ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ.

ಹಾಗಾಗಿ 1980ರ ಮಾಸ್ಕೊಗೆ ಹೊರಟಾಗ ಟೆಸ್ಸಾ ಪದಕದ ನಿರೀಕ್ಷೆಯಲ್ಲಿದ್ದರು. ಸೋವಿಯತ್ ಸೇನೆ ಅಫ್ಗಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಪ್ರತಿಭಟನೆಯಾಗಿ ಬ್ರಿಟನ್ ತಂಡ ಹೋಗಬಾರದು ಎಂದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಒತ್ತಾಯಿಸಿದ್ದರು. ಬ್ರಿಟನ್ನಿನ ಒಲಿಂಪಿಕ್ ಸಂಸ್ಥೆ ಕೇಳಲಿಲ್ಲ. ಅಷ್ಟೆಲ್ಲ ರಾದ್ಧಾಂತದ ನಡುವೆ ಹೋಗಿ ಟೆಸ್ಸಾ ಮಾಡಿದ್ದೇನು? ಅರ್ಹತಾ ಸುತ್ತಿನಲ್ಲಿ 50 ಮೀಟರ್ ಕೂಡ ಮುಟ್ಟಲಿಲ್ಲ. ಅವರು ಆ ಕಾಲಕ್ಕೆ ಸುಲಭವಾಗಿ 60ರ ಆಚೆ ಎಸೆಯುತ್ತಿದ್ದವರು. ಫೈನಲ್‌ನಲ್ಲಿ ಕ್ಯೂಬಾದ ಮರಿಯಾ ಕೊಲೊನ್ 68.40 ಮೀಟರ್ ಎಸೆದು ಒಲಿಂಪಿಕ್ಸ್ ದಾಖಲೆಯೊಂದಿಗೆ ಗೆದ್ದರು. ಅದೇ ಅರ್ಹತಾ ಸುತ್ತಿನಲ್ಲಿ ಹೊರಬಿದ್ದ ಇನ್ನೊಬ್ಬ ಬ್ರಿಟಿಷ್ ಹುಡುಗಿಗೆ ಆಗ 19 ವರ್ಷ. ಅವಳೇ ಫಾತಿಮಾ.

ಮರುವರ್ಷ ಟೆಸ್ಸಾ ಅವರ ಹಿಮ್ಮಡಿಯ ನರ ಮತ್ತು ಎಸೆಯುವ ಕೈ ಎರಡೂ ಕೆಟ್ಟವು. ಹತ್ತಿರ ಹತ್ತಿರ ಎರಡು ವರ್ಷ ಮೈದಾನದಿಂದ ದೂರ. 1982ರ ಬ್ರಿಸ್ಬೇನ್ ಕಾಮನ್‌ವೆಲ್ತ್ ಕೂಟ ತಪ್ಪಿತು. ಅಲ್ಲಿ ಕಂಚು ಗೆದ್ದದ್ದು ಫಾತಿಮಾ.

ಫಾತಿಮಾ ಅವರ ಬಾಲ್ಯವನ್ನು ಯಾರಾದರೂ ಕಾದಂಬರಿಯಲ್ಲಿ ಬರೆದಿದ್ದರೆ ಇಷ್ಟು ಕಷ್ಟ ತುರುಕಬಾರದಿತ್ತು ಎಂದು ವಿಮರ್ಶಕರು ಆಕ್ಷೇಪಿಸುತ್ತಿದ್ದರು. 1961ರ ಮಾರ್ಚ್ 3ರಂದು ಲಂಡನ್ನಿನ ಸ್ಟೋಕ್ ನ್ಯೂಯಿಂಗ್ಟನ್‌ನಲ್ಲಿ ಜನನ. ತಾಯಿ ಸೈಪ್ರಸ್‌ನ ಟರ್ಕಿ ಮೂಲದವರು, ತಂದೆ ಅದೇ ದ್ವೀಪದ ಗ್ರೀಕರು. ಹುಟ್ಟಿದ ಕೆಲವೇ ತಿಂಗಳಲ್ಲಿ ಆ ಹಸುಗೂಸನ್ನು ಫ್ಲ್ಯಾಟ್ ಒಂದರಲ್ಲಿ ಬಿಟ್ಟು ಹೋಗಿದ್ದರು. ಮಗು ಅಳುವುದು ನೆರೆಮನೆಯವರ ಕಿವಿಗೆ ಬಿತ್ತು. ಪೊಲೀಸರು ಬಂದು ಬಾಗಿಲು ಒಡೆದು ಎತ್ತಿಕೊಂಡಾಗ ಹೊಟ್ಟೆಗಿಲ್ಲದೆ ಸೊರಗಿದ್ದ ಕೂಸನ್ನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿಟ್ಟು ಉಳಿಸಿಕೊಳ್ಳಬೇಕಾಯಿತು. ಅಲ್ಲಿಂದ ಮುಂದಿನ ಹದಿಮೂರು-ಹದಿನಾಲ್ಕು ವರ್ಷ ಮಕ್ಕಳ ಪಾಲನಾ ಗೃಹಗಳೇ ಮನೆ. ತನ್ನದೆಂಬ ಆಟಿಕೆ, ತನ್ನದೆಂಬ ಕಪಾಟು, ತನ್ನದೆಂಬ ಮನುಷ್ಯರು ಇಲ್ಲದ ಆ ದಿನಗಳ ಬಗ್ಗೆ ಅವರು ವಯಸ್ಸಾದ ಮೇಲೆ ಮಾತಾಡಿದಷ್ಟು ಬೇರಾವ ಕ್ರೀಡಾಪಟುವೂ ಮಾತಾಡಿರಲಾರರು.

ಗ್ರೀಕ್ ಪುರಾಣದ ಅಟಲಾಂಟಾಳ ಕಥೆ ಆ ಹುಡುಗಿಗೆ ಹಿಡಿಸಿತ್ತು. ಹುಟ್ಟಿದ ಕೂಡಲೇ ಅಪ್ಪ ಕಾಡಿನಲ್ಲಿ ಬಿಟ್ಟು ಹೋದ ಮಗು ಅವಳು, ಕರಡಿಯ ಹಾಲು ಕುಡಿದು ಬೆಳೆದವಳು, ಬೇಟೆಗೆ ಹೊರಟರೆ ಗಂಡಸರನ್ನು ಹಿಂದಿಕ್ಕುವವಳು. ಆ ಕಥೆ ಅವರಿಗೇ ಏಕೆ ನಾಟಿತು ಎಂದು ವಿವರಿಸುವ ಅಗತ್ಯವಿಲ್ಲ. ಊರಿನ ಕ್ರೀಡಾಂಗಣದಲ್ಲಿ ಡೇವಿಡ್ ಆಟ್ಲೆ ಎಂಬ ಯುವಕ ಜಾವೆಲಿನ್ ಎಸೆಯುವುದನ್ನು ಕಂಡು ಮಾತಾಡಿಸಿದಳು. ಮುಂದೆ 1984ರ ಒಲಿಂಪಿಕ್ಸ್‌ನಲ್ಲಿ ಗಂಡಸರ ಬೆಳ್ಳಿ ಗೆದ್ದ ಆಟ್ಲೆ ಅವರೇ ಇವರು. ಅವರ ಮೂಲಕ ಮಾರ್ಗರೆಟ್ ವಿಟ್‌ಬ್ರೆಡ್ ಪರಿಚಯವಾದರು. ಮಾರ್ಗರೆಟ್ ದೈಹಿಕ ಶಿಕ್ಷಣದ ಟೀಚರ್, ಎಸೆಕ್ಸ್‌ನ ಥರಕ್ ಹ್ಯಾರಿಯರ್ಸ್ ಕ್ಲಬ್ಬಿನ ಕೋಚ್, ಒಂದು ಕಾಲಕ್ಕೆ ತಾವೇ ಬ್ರಿಟನ್ ತಂಡದಲ್ಲಿ ಜಾವೆಲಿನ್ ಎಸೆದವರು. ಎಸೆಯಲು ಕಲಿಸುತ್ತಾ ಕಲಿಸುತ್ತಾ ಮನೆಗೆ ಕರೆದುಕೊಂಡು ಹೋದರು, ಆಮೇಲೆ ದತ್ತು ತೆಗೆದುಕೊಂಡರು. ವಿಟ್‌ಬ್ರೆಡ್ ಎಂಬ ಹೆಸರು ಬಂದದ್ದು ಹಾಗೆ. ಕೋಚ್‌ಗಳನ್ನು ತಾಯಿಯಂತೆ ಎಂದು ಹೊಗಳುವ ಕ್ರೀಡಾಪಟುಗಳು ಬೇಕಾದಷ್ಟಿದ್ದಾರೆ; ಫಾತಿಮಾ ವಿಷಯದಲ್ಲಿ ಆ ‘ಅಂತೆ’ ಬೇಕಿಲ್ಲ.

1979ರಲ್ಲಿ ಯುರೋಪಿಯನ್ ಜೂನಿಯರ್ ಚಾಂಪಿಯನ್. ನಾಲ್ಕೇ ವರ್ಷದಲ್ಲಿ, 1983ರ ಆಗಸ್ಟಿನಲ್ಲಿ, ಹೆಲ್ಸಿಂಕಿಯ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫಾತಿಮಾ 69.14 ಮೀಟರ್ ಎಸೆದು ಮುಂದೆ ಕುಳಿತರು. ಎದುರಿಗಿದ್ದವರು ಫಿನ್ಲೆಂಡಿನ ಟೀನಾ ಲಿಲ್ಲಾಕ್, ಆಗಿನ ವಿಶ್ವ ದಾಖಲೆಯ ಒಡತಿ. ಫಿನ್ಲೆಂಡಿಗೆ ಜಾವೆಲಿನ್ ಎಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ. ಇಡೀ ಕ್ರೀಡಾಂಗಣ ಲಿಲ್ಲಾಕ್ ಬೆನ್ನಿಗೆ. ಐದು ಸುತ್ತು ಮುಗಿದರೂ ಫಾತಿಮಾ ಮುಂದೆಯೇ. ಕೊನೆಯ ಸುತ್ತಿನಲ್ಲಿ ಲಿಲ್ಲಾಕ್ ಎಸೆದ ಜಾವೆಲಿನ್ 70.82ಕ್ಕೆ ಹೋಗಿ ನಾಟಿತು. ಲಿಲ್ಲಾಕ್ ಮೈದಾನದ ತುಂಬ ಓಡಿದರು, ಫಾತಿಮಾ ಬೆಳ್ಳಿಯೊಂದಿಗೆ ಉಳಿದರು.

ಟೆಸ್ಸಾ ಅಲ್ಲಿ ನಾಲ್ಕನೆಯವರು. ಆ ವರ್ಷದ ಜೂನ್ ಕೊನೆಯಲ್ಲಷ್ಟೇ ಎಡಿನ್‌ಬರೋದಲ್ಲಿ 73.58 ಮೀಟರ್ ಎಸೆದಿದ್ದರು. ಅದು ಅವರ ಜೀವಮಾನದ ಅತ್ಯುತ್ತಮ ಎಸೆತ. ಹೆಲ್ಸಿಂಕಿಯಲ್ಲಿ ಅದರ ಹತ್ತಿರಕ್ಕೂ ಹೋಗಲಿಲ್ಲ. ನಾಲ್ಕನೇ ಸ್ಥಾನ ಅವರನ್ನು ಅಲ್ಲಿಂದ ಮುಂದೆಯೂ ಬಿಡಲಿಲ್ಲ: 1987ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೆಯವರು, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲೂ ನಾಲ್ಕನೆಯವರು.

ಲಾಸ್ ಏಂಜಲೀಸ್, 1984ರ ಆಗಸ್ಟ್ 6. ಮಾಸ್ಕೊಗೆ ಅಮೆರಿಕ ಬಾರದಿದ್ದುದಕ್ಕೆ ಪ್ರತಿಯಾಗಿ ಸೋವಿಯತ್ ಒಕ್ಕೂಟ ಮತ್ತು ಅದರ ಜೊತೆಯ ದೇಶಗಳು ಈ ಒಲಿಂಪಿಕ್ಸ್ ಬಹಿಷ್ಕರಿಸಿದ್ದವು. ಪೂರ್ವ ಜರ್ಮನಿಯ ಪೆಟ್ರಾ ಫೆಲ್ಕೆ ಬಂದಿರಲಿಲ್ಲ. ಹಾಲಿ ಚಾಂಪಿಯನ್ ಕೊಲೊನ್ ಅವರ ಕ್ಯೂಬಾ ಕೂಡ ಬಂದಿರಲಿಲ್ಲ. ಟೆಸ್ಸಾ ಮೊದಲ ಸುತ್ತಿನಲ್ಲೇ ಜಾವೆಲಿನ್ ಬಿಟ್ಟರು. 69.56 ಮೀಟರ್, ಹೊಸ ಒಲಿಂಪಿಕ್ಸ್ ದಾಖಲೆ. ಉಳಿದವರಿಗೆ ಐದು ಸುತ್ತಿತ್ತು. ಕಾಲುನೋವಿನೊಂದಿಗೆ ಬಂದಿದ್ದ ಲಿಲ್ಲಾಕ್ 69.00ಕ್ಕೆ ನಿಂತರು. ಫಾತಿಮಾ 67.14ರೊಂದಿಗೆ ಕಂಚು. ಒಂದು ಎಸೆತದ ಮೇಲೆ ಭರವಸೆ ಇಟ್ಟು ಉಳಿದ ಸುತ್ತುಗಳನ್ನೆಲ್ಲ ಕಾಯುತ್ತಾ ಕಳೆಯುವುದು ಎಸೆಯುವುದಕ್ಕಿಂತ ಕಷ್ಟದ ಕೆಲಸ. ಹಿಂದಿನ ವರ್ಷ ಹೆಲ್ಸಿಂಕಿಯಲ್ಲಿ ಕೊನೆಯ ಎಸೆತದಲ್ಲಿ ಏನಾಗಿತ್ತು ಎಂಬುದು ಅಲ್ಲಿದ್ದ ಮೂವರಿಗೂ ನೆನಪಿತ್ತು.

ಬ್ರಿಟನ್ನಿಗಾಗಿ ಒಲಿಂಪಿಕ್ಸ್ ಚಿನ್ನ ಗೆದ್ದ ಮೊದಲ ಕಪ್ಪು ಮಹಿಳೆ ಟೆಸ್ಸಾ. ಎರಡು ದಿನದ ನಂತರ, ಆಗಸ್ಟ್ 8ರಂದು, ಅದೇ ಕ್ರೀಡಾಂಗಣದಲ್ಲಿ 400 ಮೀಟರ್ ಹರ್ಡಲ್ಸ್ ಫೈನಲ್ ನಡೆಯಿತು. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡು ನಾಲ್ಕನೆಯವರಾದ ನಮ್ಮ ಪಿ.ಟಿ. ಉಷಾ ಅವರಿಂದಾಗಿ ಆ ವಾರ ಭಾರತದ ಪತ್ರಿಕೆಗಳಲ್ಲಿ ಬೇರೆ ಯಾವ ಅಥ್ಲೀಟ್‌ಗೂ ಜಾಗ ಉಳಿಯಲಿಲ್ಲ.

ಟೆಸ್ಸಾ ಚಿನ್ನಕ್ಕೆ ಬಹಿಷ್ಕಾರದ ಚುಕ್ಕೆ ಇಡುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ತಿಂಗಳೇ ಬಹಿಷ್ಕರಿಸಿದ ದೇಶಗಳು ತಮ್ಮದೇ ಕೂಟ ನಡೆಸಿದವು. ಪ್ರಾಗ್‌ನಲ್ಲಿ ಫೆಲ್ಕೆ 73 ಮೀಟರ್ ದಾಟಿಸಿ ಎಸೆದರು. ಆ ಅಂಕಿ ಹಿಡಿದು ಟೆಸ್ಸಾ ಗೆದ್ದದ್ದು ಅರೆ ಮೈದಾನದಲ್ಲಿ ಎನ್ನುವುದು ಸುಲಭ. ಆದರೆ ವಿಶ್ವ ಚಾಂಪಿಯನ್ನೂ ವಿಶ್ವ ದಾಖಲೆಯ ಒಡತಿಯೂ ಆಗಿದ್ದ ಲಿಲ್ಲಾಕ್ ಲಾಸ್ ಏಂಜಲೀಸ್‌ನಲ್ಲಿ ಇದ್ದರು, ಸೋತರು. ಇನ್ನು ಪೂರ್ವ ಜರ್ಮನಿಯಲ್ಲಿ ಕ್ರೀಡಾಪಟುಗಳಿಗೆ ಸರ್ಕಾರವೇ ಉದ್ದೀಪನ ಮದ್ದು ಕೊಡಿಸುತ್ತಿತ್ತು ಎಂಬುದು ಬರ್ಲಿನ್ ಗೋಡೆ ಬಿದ್ದ ಮೇಲೆ ಕಡತಗಳ ಸಮೇತ ಹೊರಬಂತು. ಆ ವರ್ಷಗಳ ಯಾವ ಪಟ್ಟಿಯಲ್ಲಿ ಚುಕ್ಕೆ ಇಲ್ಲ ಎಂದು ಹುಡುಕಲು ಕುಳಿತರೆ ಕೈಗೆ ಖಾಲಿ ಹಾಳೆಯಷ್ಟೇ ಉಳಿದೀತು.

ಲಾಸ್ ಏಂಜಲೀಸ್‌ನಲ್ಲಿ ಬ್ರಿಟನ್ ಒಟ್ಟು ಗೆದ್ದದ್ದು ಐದೇ ಚಿನ್ನ. ಅಥ್ಲೆಟಿಕ್ಸ್‌ನಲ್ಲಿ ಮೂರು: ಸೆಬಾಸ್ಟಿಯನ್ ಕೋ, ಡೇಲಿ ಥಾಂಪ್ಸನ್, ಟೆಸ್ಸಾ. ಮೂವರಲ್ಲಿ ಮೊದಲು ಗೆದ್ದವರು ಟೆಸ್ಸಾ, ಆದರೆ ಜಾಹೀರಾತು, ಮುಖಪುಟ, ಹಣ ಹುಡುಕಿಕೊಂಡು ಹೋದದ್ದು ಉಳಿದಿಬ್ಬರನ್ನು. ಅಥ್ಲೀಟ್‌ಗಳು ಕೂಟಗಳಲ್ಲಿ ಪಾಲ್ಗೊಳ್ಳಲು ಸಂಭಾವನೆ ಪಡೆಯುವುದು ಆಗತಾನೇ ಕಾನೂನಿನ ಒಳಗೆ ಬರುತ್ತಿದ್ದ ಕಾಲ ಅದು. ಬ್ರಿಟನ್ನಿನಲ್ಲಿ ಯಾರನ್ನು ಯಾವ ಕೂಟಕ್ಕೆ ಕರೆಯಬೇಕು, ಎಷ್ಟು ಕೊಡಬೇಕು ಎಂಬುದರಲ್ಲಿ ದೊಡ್ಡ ಕೈ ಆ್ಯಂಡಿ ನಾರ್ಮನ್ ಅವರದು. ಅವರು ಫಾತಿಮಾಗೆ ಆಪ್ತರು. ಮುಂದೆ, 1997ರಲ್ಲಿ, ಇಬ್ಬರೂ ಮದುವೆಯಾದರು. ಒಲಿಂಪಿಕ್ಸ್ ಚಾಂಪಿಯನ್ ತಾನಾದರೂ ಫಾತಿಮಾಗೆ ಸಿಗುವಷ್ಟು ಹಣವೂ ಪ್ರಚಾರವೂ ತನಗಿಲ್ಲ ಎಂದು ಟೆಸ್ಸಾ ಬಹಿರಂಗವಾಗಿಯೇ ದೂರಿದರು. ಮೈದಾನದ ಪೈಪೋಟಿ ವೈಮನಸ್ಯವಾಗಿ ಗಟ್ಟಿಯಾದದ್ದು ಇಲ್ಲಿ.

1986ರ ಬೇಸಿಗೆಯಲ್ಲಿ ಅದು ತುದಿ ಮುಟ್ಟಿತು. ಎಡಿನ್‌ಬರೋದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ವರ್ಣಭೇದ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾದ ಮೇಲೆ ನಿರ್ಬಂಧ ಹೇರಲು ಥ್ಯಾಚರ್ ಸರ್ಕಾರ ಒಪ್ಪದ ಕಾರಣ 32 ದೇಶಗಳು ಕೂಟಕ್ಕೆ ಬೆನ್ನು ತಿರುಗಿಸಿದ್ದವು. ಭಾರತ ಬರಲಿಲ್ಲ. ಟೆಸ್ಸಾ ಹುಟ್ಟಿದ ಜಮೈಕಾ ಬರಲಿಲ್ಲ. ಫಾತಿಮಾ ಅವರ ಹೆತ್ತವರ ಸೈಪ್ರಸ್ ಕೂಡ ಬರಲಿಲ್ಲ. ಬಿಳಿಯ ದೇಶಗಳೇ ಹೆಚ್ಚಾಗಿದ್ದ ಆ ಕೂಟದಲ್ಲಿ ಇಂಗ್ಲೆಂಡಿನ ಅಂಗಿ ತೊಟ್ಟು ಜಾವೆಲಿನ್ ಚಿನ್ನಕ್ಕಾಗಿ ಸೆಣಸಿದವರು ಈ ಇಬ್ಬರು ವಲಸಿಗರ ಮಕ್ಕಳು. ಆ ವರ್ಷ ಫಾತಿಮಾ ಉತ್ತಮ ಲಯದಲ್ಲಿದ್ದರು, ಗೆಲ್ಲುವವರು ಅವರೇ ಎಂದು ಎಲ್ಲರೂ ಅಂದುಕೊಂಡಿದ್ದರು. ಗೆದ್ದವರು ಟೆಸ್ಸಾ, 69.80 ಮೀಟರ್. ಫಾತಿಮಾ 68.54. ಬೆಳ್ಳಿ ಕೊರಳಿಗೆ ಬಿದ್ದಾಗ ಫಾತಿಮಾ ಅಳು ತಡೆಯಲಾರದೆ ನಿಂತದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು.

ಒಂದು ತಿಂಗಳೂ ಕಳೆದಿರಲಿಲ್ಲ. ಆಗಸ್ಟ್ 28, ಜರ್ಮನಿಯ ಸ್ಟುಟ್‌ಗಾರ್ಟ್, ಯುರೋಪಿಯನ್ ಚಾಂಪಿಯನ್‌ಷಿಪ್. ಬೆಳಗಿನ ಅರ್ಹತಾ ಸುತ್ತು. ಅರ್ಹತಾ ಸುತ್ತು ಎಂದರೆ ನಿಗದಿತ ದೂರ ದಾಟುವಷ್ಟು ಎಸೆದು, ಚೀಲ ಎತ್ತಿಕೊಂಡು ಹೋಟೆಲಿಗೆ ಹೋಗುವ ಕಸುಬು. ಶಕ್ತಿಯನ್ನೆಲ್ಲ ಫೈನಲ್‌ಗೆ ಉಳಿಸಿಕೊಳ್ಳುತ್ತಾರೆ, ಕೋಚ್‌ಗಳು ಹೇಳಿಕೊಡುವುದೂ ಅದನ್ನೇ. ಕ್ರೀಡಾಂಗಣದಲ್ಲಿ ಜನವೂ ವಿರಳ. ಫಾತಿಮಾ ಎಸೆದ ಜಾವೆಲಿನ್ ಇಳಿದದ್ದು 77.44 ಮೀಟರಿನಲ್ಲಿ. ಫೆಲ್ಕೆ ಹೆಸರಿನಲ್ಲಿದ್ದ ವಿಶ್ವ ದಾಖಲೆ 75.40. ಒಂದೇ ಎಸೆತದಲ್ಲಿ ದಾಖಲೆ ಎರಡು ಮೀಟರ್ ನಾಲ್ಕು ಸೆಂಟಿಮೀಟರ್ ಮುಂದೆ ಹೋಗಿತ್ತು. ಎಸೆತದಲ್ಲಿ ವಿಶ್ವ ದಾಖಲೆ ಮಾಡಿದ ಮೊದಲ ಬ್ರಿಟನ್ ಅಥ್ಲೀಟ್ ಅವರು.

ಬೆಳಿಗ್ಗೆ ದಾಖಲೆ ಮಾಡಿದವರು ಮರುದಿನ ಮಂಕಾಗುವುದುಂಟು. ಫಾತಿಮಾ ಫೈನಲ್‌ನಲ್ಲಿ 76.32 ಎಸೆದರು, ಹಳೆಯ ವಿಶ್ವ ದಾಖಲೆಗಿಂತ ಇದೂ ಹೆಚ್ಚು. ಫೆಲ್ಕೆ 72.52ರೊಂದಿಗೆ ಸುಮಾರು ನಾಲ್ಕು ಮೀಟರ್ ಹಿಂದೆ. ಎಡಿನ್‌ಬರೋದ ಸೋಲು ಇಲ್ಲದಿದ್ದರೆ ಸ್ಟುಟ್‌ಗಾರ್ಟ್‌ನ ಆ ಎಸೆತ ಇರುತ್ತಿತ್ತೇ ಎಂಬುದಕ್ಕೆ ಸಾಕ್ಷ್ಯ ಕೊಡಲಾಗದು. ತಾರೀಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಎತ್ತರ ಇಬ್ಬರೂ ಬ್ರಿಟಿಷ್ ಎಸೆತಗಾರ್ತಿಯರಿಗೆ ಅಷ್ಟಕ್ಕಷ್ಟೇ. ಆರಡಿ ಮುಟ್ಟುತ್ತಿದ್ದ ಲಿಲ್ಲಾಕ್ ಪಕ್ಕದಲ್ಲಿ ಇಬ್ಬರೂ ಚಿಕ್ಕವರಾಗಿ ಕಾಣುತ್ತಿದ್ದರು. ಉಳಿದದ್ದನ್ನು ಹಟದಿಂದ ತುಂಬಿಕೊಂಡರು ಎನ್ನಬೇಕು.

1987ರ ಜುಲೈನಲ್ಲಿ ಫೆಲ್ಕೆ 78.90 ಎಸೆದು ದಾಖಲೆಯನ್ನು ವಾಪಸ್ ತೆಗೆದುಕೊಂಡರು. ಮುಂದಿನ ತಿಂಗಳ ಕೊನೆಗೆ ಶುರುವಾದ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫಾತಿಮಾ ಭುಜದ ನೋವು ನುಂಗಿಕೊಂಡೇ 76.64 ಎಸೆದು ಚಿನ್ನ ಗೆದ್ದರು, ಫೆಲ್ಕೆ 71.76. ಗೆದ್ದ ಮೇಲೆ ಸೊಂಟ ಕುಣಿಸಿ ಅವರು ಮಾಡಿದ ಪುಟ್ಟ ನೃತ್ಯ ಬ್ರಿಟನ್ನಿನ ಮನೆಮಾತಾಯಿತು. ವರ್ಷದ ಕೊನೆಗೆ ಬಿಬಿಸಿ ವೀಕ್ಷಕರ ಮತದಿಂದ ವರ್ಷದ ಕ್ರೀಡಾ ವ್ಯಕ್ತಿ ಪ್ರಶಸ್ತಿ. ಟೆಸ್ಸಾ ಪಾಲಿಗೆ ಆ ಪ್ರಶಸ್ತಿ ಯಾವತ್ತೂ ಬರಲಿಲ್ಲ, ಒಲಿಂಪಿಕ್ಸ್ ಗೆದ್ದ ವರ್ಷವೂ.

ಸೋಲ್, 1988. ಫಾತಿಮಾಗೆ ಒಲಿಂಪಿಕ್ಸ್ ಚಿನ್ನದ ಕೊನೆಯ ಅವಕಾಶ. ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು, ಸೆಪ್ಟೆಂಬರ್ 9ರಂದು ಪಾಟ್ಸ್‌ಡ್ಯಾಮ್‌ನಲ್ಲಿ ಫೆಲ್ಕೆ ಸರಿಯಾಗಿ 80.00 ಮೀಟರ್ ಎಸೆದಿದ್ದರು. ಎಂಬತ್ತು ಮುಟ್ಟಿದ ಹೆಂಗಸು ಅವರೊಬ್ಬರೇ. ಸೋಲ್‌ನಲ್ಲಿ ಅವರು 74.68 ಎಸೆದು ಚಿನ್ನ ಗೆದ್ದರು, ಫಾತಿಮಾ 70.32ರೊಂದಿಗೆ ಬೆಳ್ಳಿ. ಹಿಮ್ಮಡಿಯ ನೋವಿನಿಂದ ಟೆಸ್ಸಾ ಫೈನಲ್‌ಗೇ ಬರಲಿಲ್ಲ. ಅಲ್ಲಿಂದ ಭುಜ ಫಾತಿಮಾ ಅವರ ಮಾತು ಕೇಳುವುದನ್ನು ನಿಲ್ಲಿಸಿತು. ಮೂವತ್ತೊಂದು ತುಂಬುವ ಹೊತ್ತಿಗೆ ಆಟ ಬಿಟ್ಟರು.

ಐದು ವರ್ಷ ದೊಡ್ಡವರಾದ ಟೆಸ್ಸಾ ಮಾತ್ರ ಹೋಗಲೊಲ್ಲರು. 1990ರ ಆಕ್ಲೆಂಡ್‌ನಲ್ಲಿ ಮೂರನೇ ಕಾಮನ್‌ವೆಲ್ತ್ ಚಿನ್ನ. 1992ರ ಬಾರ್ಸಿಲೋನಾದಲ್ಲಿ 36ನೇ ವಯಸ್ಸಿನಲ್ಲಿ ನಾಲ್ಕನೇ ಸ್ಥಾನ. ಅದೇ ವರ್ಷ ಹವಾನಾದಲ್ಲಿ ವಿಶ್ವಕಪ್ ಗೆಲುವು. ಇನ್ನೇನು ಮುಗಿಯಿತು ಅಂದುಕೊಂಡರೆ 1996ರಲ್ಲಿ, ನಲವತ್ತರ ಹೊಸ್ತಿಲು ದಾಟಿ, ಅಟ್ಲಾಂಟಾ ಒಲಿಂಪಿಕ್ಸ್‌ಗೆ ಹಾಜರು. ಫೈನಲ್ ಸಿಗಲಿಲ್ಲ. ಆದರೆ ಅದು ಅವರ ಆರನೇ ಒಲಿಂಪಿಕ್ಸ್. ಅಥ್ಲೆಟಿಕ್ಸ್‌ನಲ್ಲಿ ಅವರಿಗಿಂತ ಮೊದಲು ಆರು ಒಲಿಂಪಿಕ್ಸ್ ಕಂಡವರು ರೊಮೇನಿಯಾದ ಡಿಸ್ಕಸ್ ಪಟು ಲಿಯಾ ಮನೋಲಿಯು ಒಬ್ಬರೇ. ಮಾಸ್ಕೊದಲ್ಲಿ 50 ಮೀಟರ್ ಮುಟ್ಟದ ದಿನವೇ ಕೈಚೆಲ್ಲಿದ್ದರೆ ಈ ಪಟ್ಟಿಯ ಮುಕ್ಕಾಲು ಪಾಲು ಇರುತ್ತಿರಲಿಲ್ಲ.

ಆಮೇಲೆ ಅಧಿಕಾರದ ಕುರ್ಚಿಯೂ ಬಂತು. 1999ರಿಂದ 2005ರವರೆಗೆ ಇಂಗ್ಲೆಂಡಿನ ತಳಮಟ್ಟದ ಕ್ರೀಡೆಗೆ ಹಣ ಹಂಚುವ ‘ಸ್ಪೋರ್ಟ್ ಇಂಗ್ಲೆಂಡ್’ ಸಂಸ್ಥೆಯ ಉಪಾಧ್ಯಕ್ಷೆಯಾಗಿದ್ದರು. ಹಣ ಯಾರ ಕೈಯಲ್ಲಿರುತ್ತದೆ ಎಂಬುದು ಎಷ್ಟು ಮುಖ್ಯ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 2004ರಲ್ಲಿ ಸಿಬಿಇ ಗೌರವ. 2006ರಲ್ಲಿ ಪೂರ್ವ ಲಂಡನ್ನಿನ ನ್ಯೂಹ್ಯಾಮ್‌ನಲ್ಲಿ, 2012ರ ಒಲಿಂಪಿಕ್ಸ್ ನಡೆಯಬೇಕಿದ್ದ ಊರಿನಲ್ಲೇ, ಎಳೆಯರಿಗಾಗಿ ಕ್ರೀಡಾ ಅಕಾಡೆಮಿ ಶುರು ಮಾಡಿದರು.

ಫಾತಿಮಾ ಬಹುಕಾಲ ಮರೆಯಲ್ಲಿದ್ದರು. 2011ರಲ್ಲಿ ಕಾಡಿನಲ್ಲಿ ತಾರೆಯರನ್ನು ಬಿಟ್ಟು ಗೋಳಾಡಿಸುವ ಟಿ.ವಿ. ರಿಯಾಲಿಟಿ ಷೋಗೆ ಹೋಗಿ ಮೂರನೇ ಸ್ಥಾನ ಪಡೆದರು. ಅಲ್ಲಿ ಅವರ ಮೂಗಿನೊಳಗೆ ಜಿರಲೆ ಹೊಕ್ಕ ದೃಶ್ಯ 77.44 ಮೀಟರ್ ಎಸೆತಕ್ಕಿಂತ ಹೆಚ್ಚು ಸಲ ಪ್ರಸಾರವಾಗಿದ್ದರೆ ಆಶ್ಚರ್ಯವಿಲ್ಲ. ಮರುವರ್ಷ ಆತ್ಮಕಥೆ ಬರೆದರು. ಪಾಲನಾ ಗೃಹಗಳ ಮಕ್ಕಳಿಗಾಗಿ ತಮ್ಮದೇ ಹೆಸರಿನ ಆಂದೋಲನ ಕಟ್ಟಿದರು. ಅದಕ್ಕಾಗಿಯೇ 2023ರಲ್ಲಿ ಬಿಬಿಸಿ ಅವರಿಗೆ ಹೆಲೆನ್ ರೋಲಸನ್ ಪ್ರಶಸ್ತಿ ಕೊಟ್ಟಿತು.

ವಿಶ್ವ ದಾಖಲೆ ಫೆಲ್ಕೆಗೆ ಹೋಯಿತು, ಬ್ರಿಟನ್ನಿನ ಮಟ್ಟಿಗೆ ಫಾತಿಮಾ ಅವರ ದಾಖಲೆ ಏನಾಯಿತು? ಯಾರೂ ಮುರಿಯಲಿಲ್ಲ, ಮುರಿಯಲೂ ಆಗದು. ಹಳೆಯ ಜಾವೆಲಿನ್ ತೇಲಿಕೊಂಡು ಹೋಗಿ ಅಡ್ಡಡ್ಡ ಬೀಳುತ್ತಿತ್ತು. ಮೂತಿ ಮೊದಲು ನೆಲಕ್ಕೆ ತಾಗಿತೋ ಇಲ್ಲವೋ ಎಂಬ ಜಗಳ ತೀರುತ್ತಿರಲಿಲ್ಲ. ಗಂಡಸರ ಜಾವೆಲಿನ್‌ನ ಗುರುತ್ವ ಕೇಂದ್ರವನ್ನು 1986ರಲ್ಲೇ ಮುಂದಕ್ಕೆ ಸರಿಸಿ, ಮೂತಿ ಬೇಗ ಬಾಗುವಂತೆ ಮಾಡಿದ್ದರು. ಹೆಂಗಸರಿಗೆ ಆ ಬದಲಾವಣೆ ಬಂದದ್ದು 1999ರಲ್ಲಿ. ಅಂದಿಗೆ ಹಳೆಯ ದಾಖಲೆಗಳನ್ನೆಲ್ಲ ಬೀಗ ಹಾಕಿ ಇಟ್ಟು ಲೆಕ್ಕ ಹೊಸದಾಗಿ ಶುರುವಾಯಿತು. ಹೊಸ ಜಾವೆಲಿನ್‌ನ ವಿಶ್ವ ದಾಖಲೆ 72.28, ಜೆಕ್ ದೇಶದ ಬಾರ್ಬೊರಾ ಸ್ಪೊಟಾಕೊವಾ 2008ರಲ್ಲಿ ಎಸೆದದ್ದು. ಎಸೆದ ಊರು ಮತ್ತೆ ಸ್ಟುಟ್‌ಗಾರ್ಟ್.

ಅದೇ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಗೋಲ್ಡಿ ಸೇಯರ್ಸ್ 65.75 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಮಾಡಿಯೂ 38 ಸೆಂಟಿಮೀಟರಿನಲ್ಲಿ ಕಂಚು ತಪ್ಪಿಸಿಕೊಂಡರು. ನಾಲ್ಕನೇ ಸ್ಥಾನ ಬ್ರಿಟನ್ನಿನ ಜಾವೆಲಿನ್ ಹೆಂಗಸರನ್ನು ಹುಡುಕಿಕೊಂಡು ಬರುತ್ತದೇನೋ. 2012ರ ಜುಲೈನಲ್ಲಿ ಲಂಡನ್ನಿನಲ್ಲಿ 66.17 ಎಸೆದು ದಾಖಲೆಯನ್ನು ಇನ್ನೂ ಮುಂದೊಯ್ದರು. ಅದೇ ದಿನ ಮೊಣಕೈ ಕೈಕೊಟ್ಟಿತು. ಕೆಲವೇ ವಾರಗಳ ನಂತರ ತವರಿನ ಒಲಿಂಪಿಕ್ಸ್‌ನಲ್ಲಿ, ನ್ಯೂಹ್ಯಾಮ್‌ನ ಆ ಹೊಸ ಕ್ರೀಡಾಂಗಣದಲ್ಲಿ, ಮೂರೂ ಎಸೆತ ಫೌಲ್.

2016ರಲ್ಲಿ ಬೀಜಿಂಗ್‌ನ ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಬೆಳ್ಳಿ ಗೆದ್ದಿದ್ದ ರಷ್ಯಾದ ಮರಿಯಾ ಅಬಾಕುಮೊವಾ ಉದ್ದೀಪನ ಮದ್ದು ಸೇವಿಸಿದ್ದು ಖಚಿತವಾಯಿತು. ಹಿಂದಿದ್ದವರೆಲ್ಲ ಒಂದೊಂದು ಮೆಟ್ಟಿಲು ಮೇಲೇರಿದರು. ಸೇಯರ್ಸ್ 2017ರಲ್ಲಿ ನಿವೃತ್ತರಾದರು. ಅದಾಗಿ ಎರಡು ವರ್ಷಕ್ಕೆ, 2019ರ ಜುಲೈನಲ್ಲಿ, ಅದೇ ಲಂಡನ್ ಕ್ರೀಡಾಂಗಣದಲ್ಲಿ ಅವರ ಕೊರಳಿಗೆ ಬೀಜಿಂಗ್‌ನ ಕಂಚು ಹಾಕಿದರು. ಜಾವೆಲಿನ್‌ನಲ್ಲಿ ಬ್ರಿಟನ್ನಿನ ಹೆಂಗಸೊಬ್ಬರು ಗೆದ್ದ ನಾಲ್ಕನೇ ಒಲಿಂಪಿಕ್ಸ್ ಪದಕ ಅದು. ಮೊದಲ ಮೂರೂ ಟೆಸ್ಸಾ ಮತ್ತು ಫಾತಿಮಾ ಅವರವೇ.